ಸ್ಟುಡಿಯೋದ ಗೂಟಕ್ಕೆ ನೇತುಹಾಕಿದ ಕೋಟು

ನಮ್ಮ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರು ಒಂದು ಫೋಟೊ ಸ್ಟುಡಿಯೋ ಇತ್ತು. ಒಳಗೆ ನೀಲಿ ಪರದೆ, ಎರಡು ಛತ್ರಿ ಲೈಟು, ಒಂದು ಕನ್ನಡಿ. ಕನ್ನಡಿಯ ಪಕ್ಕದ ಗೂಟಕ್ಕೆ ಒಂದು ಕಪ್ಪು ಕೋಟು. ಅದರ ಜೇಬಿನಲ್ಲಿ ಮೊದಲೇ ಗಂಟು ಹಾಕಿಟ್ಟ ಟೈ. ಕೆಲಸಕ್ಕೆ ಅರ್ಜಿ ಹಾಕುವ ಹುಡುಗರೆಲ್ಲ ಅದೇ ಕೋಟು ತೊಟ್ಟು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಸ್ಟೂಲಿನ ಮೇಲೆ ಕೂರುತ್ತಿದ್ದರು. ಸೊಂಟದ ಕೆಳಗೆ ಲುಂಗಿ ಇದ್ದರೂ ನಡೆಯುತ್ತಿತ್ತು. ಪಾಸ್‌ಪೋರ್ಟ್ ಅಳತೆಯ ಫೋಟೊದಲ್ಲಿ ಅದು ಕಾಣುವುದಿಲ್ಲವಲ್ಲ!

ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುವಾಗ ನಾವು ನಾಲ್ವರು ಗೆಳೆಯರು ಅರ್ಜಿಗಳನ್ನು ಒಂದೇ ಮೇಜಿನ ಮೇಲೆ ಇಟ್ಟುಕೊಂಡು ಭರ್ತಿ ಮಾಡಿದ್ದೆವು. ನಾಲ್ಕು ಫೋಟೊಗಳಲ್ಲೂ ಎಡಗಡೆ ಕಾಲರಿನ ಮೇಲೆ ಒಂದೇ ಇಸ್ತ್ರಿ ಸುಟ್ಟ ಕಲೆ. ಅವತ್ತು ಬಿದ್ದು ಬಿದ್ದು ನಕ್ಕೆವು. ಈಗ ಆ ಸ್ಟುಡಿಯೋದಲ್ಲಿ ಕೋಟಿಲ್ಲ. ಮುಖದ ಫೋಟೊ ತೆಗೆದು, ಕಂಪ್ಯೂಟರಿನಲ್ಲಿ ಕುತ್ತಿಗೆಯ ಕೆಳಗೆ ಕೋಟು ಅಂಟಿಸಿಕೊಡುತ್ತಾರೆ. ಕಲೆಯೂ ಇರುವುದಿಲ್ಲ.

ನಗು ಮುಗಿದ ಮೇಲೆ ಒಂದು ಪ್ರಶ್ನೆ ಮಾತ್ರ ಉಳಿದುಬಿಟ್ಟಿತು. ನಮ್ಮ ಮನೆಯಲ್ಲಿ ಅಪ್ಪ ಕೋಟು ಹಾಕಿದವರಲ್ಲ, ಅಜ್ಜ ಹಾಕಿದವರಲ್ಲ. ನಾವು ಸೇರಲು ಹೊರಟಿದ್ದ ಪತ್ರಿಕಾ ಕಚೇರಿಗಳಲ್ಲೂ ಯಾರೂ ಹಾಕುತ್ತಿರಲಿಲ್ಲ. ಹಾಗಾದರೆ ‘ಕೆಲಸಕ್ಕೆ ಯೋಗ್ಯ ಮನುಷ್ಯ’ ಎಂದರೆ ಕೋಟಿನೊಳಗೆ ಇರುವವನು ಎಂದು ನಮಗೆ ಹೇಳಿಕೊಟ್ಟವರು ಯಾರು? ಹುಡುಕುತ್ತಾ ಹೋದರೆ ಈ ಕಥೆ ತಲೆಯಿಂದಲ್ಲ, ಕಾಲಿನಿಂದ ಶುರುವಾಗುತ್ತದೆ.

ಜೋಡು ಮತ್ತು ಪೇಟ

ನಮ್ಮಲ್ಲಿ ದೊಡ್ಡವರ ಮನೆಗೆ ಹೋದರೆ ಚಪ್ಪಲಿ ಬಾಗಿಲಲ್ಲಿ ಬಿಡುವುದು ಮರ್ಯಾದೆ, ತಲೆಯ ಮೇಲಿನ ರುಮಾಲು ಹಾಗೇ ಇರುವುದು ಮರ್ಯಾದೆ. ಬರಿತಲೆಯಲ್ಲಿ ಹೋದರೆ ‘ಏನಪ್ಪಾ, ಯಾರಾದರೂ ತೀರಿಕೊಂಡರಾ?’ ಎಂದು ಕೇಳುವ ಕಾಲವಿತ್ತು. ಇಂಗ್ಲಿಷರದು ತದ್ವಿರುದ್ಧ. ಅವರು ಒಳಗೆ ಬಂದರೆ ಟೋಪಿ ತೆಗೆಯುತ್ತಾರೆ, ಬೂಟು ಬಿಚ್ಚುವುದಿಲ್ಲ. ಎರಡೂ ಮರ್ಯಾದೆಯೇ. ಆದರೆ ಕಚೇರಿ ಅವರದಾದಾಗ ಯಾರ ಮರ್ಯಾದೆ ನಡೆಯಬೇಕು?

19ನೇ ಶತಮಾನದ ಮೊದಲ ಭಾಗದಲ್ಲಿ ಕಂಪನಿ ಸರ್ಕಾರದ ಅಧಿಕಾರಿಗಳು ಇದಕ್ಕೆ ತಮಗೆ ಅನುಕೂಲವಾದ ಉತ್ತರ ಕಂಡುಕೊಂಡರು. ತಮ್ಮ ಎದುರು ಬರುವ ಭಾರತೀಯರು ಜೋಡು ಬಿಚ್ಚಬೇಕು ಎಂದರು. ತಾವು ಮಾತ್ರ ಬೂಟಿನಲ್ಲೇ ಕೂತರು. ನಮ್ಮ ಸಂಪ್ರದಾಯವನ್ನು ಗೌರವಿಸುವ ಹೆಸರಿನಲ್ಲಿ ನಮ್ಮನ್ನು ಬರಿಗಾಲಲ್ಲಿ ನಿಲ್ಲಿಸಿದರು. ಆಮೇಲೆ ಯುರೋಪಿನ ಮಾದರಿಯ ಬೂಟು ಹಾಕಿಕೊಂಡು ಬಂದವರಿಗೆ ಒಂದಿಷ್ಟು ವಿನಾಯಿತಿ ಸಿಕ್ಕಿತು. ಅಂದರೆ ನಾಡ ಜೋಡು ಬಾಗಿಲ ಹೊರಗೆ, ಸೀಮೆ ಬೂಟು ಬಾಗಿಲ ಒಳಗೆ.

1862ರಲ್ಲಿ ಸೂರತ್ ನಗರದ ನ್ಯಾಯಾಲಯದಲ್ಲಿ ಇದು ದೊಡ್ಡ ಜಗಳವೇ ಆಯಿತು. ಮಾಣೆಕ್‌ಜಿ ಕಾವಸ್‌ಜಿ ಎಂಟಿ ಎಂಬ ಪಾರ್ಸಿ ಅಲ್ಲಿ ಅಸೆಸರ್ ಆಗಿದ್ದರು. ಸೆಷನ್ಸ್ ನ್ಯಾಯಾಧೀಶರ ಎದುರು ಜೋಡು ಬಿಚ್ಚಲು ಅವರು ಒಪ್ಪಲಿಲ್ಲ. ಕೋರ್ಟಿನೊಳಗೆ ಬಿಡಲಿಲ್ಲ. ಅವರು ಸುಮ್ಮನಾಗದೆ ಮುಂಬಯಿ ಗವರ್ನರಿಗೆ ಪ್ರತಿಭಟನೆಯ ಪತ್ರ ಬರೆದರು. ಕೆಲಸ ಮಾಡುವ ಜಾಗಕ್ಕೆ ಏನು ತೊಟ್ಟು ಬರಬೇಕು ಎಂಬ ವಿಷಯಕ್ಕೆ ಈ ದೇಶದ ಒಬ್ಬ ಉದ್ಯೋಗಸ್ಥ ಬರಹದಲ್ಲಿ ಜಗಳ ತೆಗೆದ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು.

ಮೂವತ್ತೊಂದು ವರ್ಷದ ನಂತರ, 1893ರಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್ ಕೋರ್ಟಿನಲ್ಲಿ ಇನ್ನೊಬ್ಬ ಯುವಕನಿಗೆ ಪೇಟ ತೆಗೆಯಲು ಹೇಳಿದರು. ಆತ ತೆಗೆಯದೆ ಎದ್ದು ಹೊರಗೆ ನಡೆದ. ಅವನೇ ಬ್ಯಾರಿಸ್ಟರ್ ಗಾಂಧಿ. ಈ ಕಥೆ ಎಲ್ಲರಿಗೂ ಗೊತ್ತು. ಮುಂದಿನದು ಅಷ್ಟಾಗಿ ಯಾರೂ ಹೇಳುವುದಿಲ್ಲ. ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ವಕೀಲರಾಗಿ ನೋಂದಾಯಿಸಿಕೊಂಡ ದಿನ ಮುಖ್ಯ ನ್ಯಾಯಾಧೀಶರು ಪೇಟ ತೆಗೆಯಲು ಹೇಳಿದಾಗ ಗಾಂಧಿ ತೆಗೆದರು. ಸ್ನೇಹಿತರು ಬೇಸರಪಟ್ಟರು. ಇದಕ್ಕಿಂತ ದೊಡ್ಡ ಹೋರಾಟಗಳಿಗೆ ಶಕ್ತಿ ಉಳಿಸಿಕೊಳ್ಳಬೇಕಿತ್ತು ಎಂಬ ಅರ್ಥದ ಮಾತನ್ನು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಮೊದಲ ಕೆಲಸ ಹಿಡಿಯಲು ಹೊರಟ ಯಾರಿಗಾದರೂ ಈ ಎರಡನೇ ಕಥೆ ಮೊದಲನೆಯದಕ್ಕಿಂತ ಹತ್ತಿರದ್ದು.

ನಮ್ಮ ಕಚೇರಿಗಳಲ್ಲಿ

ಈಗ ನಮ್ಮ ನಾಡಿಗೆ ಬರೋಣ. ಇವತ್ತು ಕರ್ನಾಟಕ ಎನ್ನುವ ಈ ನೆಲ ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಉಡುಪೂ ಹಾಗೆಯೇ. ಮೈಸೂರು ಸಂಸ್ಥಾನದ ಕಚೇರಿಗಳಲ್ಲಿ ಜರಿಯ ಪೇಟ, ಕುತ್ತಿಗೆವರೆಗೆ ಗುಂಡಿ ಹಾಕಿದ ಉದ್ದ ಕೋಟು, ಕೆಳಗೆ ಕಚ್ಚೆಪಂಚೆ ಅಥವಾ ಪ್ಯಾಂಟು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದ ಕಡೆ ರುಮಾಲು, ಧೋತರ, ಕೋಟು. ನಿಜಾಮರ ಆಡಳಿತದ ಕಲಬುರಗಿ, ರಾಯಚೂರು, ಬೀದರಿನ ಕಡೆ ಶೇರ್ವಾನಿ. ಮೇಷ್ಟ್ರು, ಶಿರಸ್ತೇದಾರ, ವಕೀಲ ಎಲ್ಲರೂ ಇದರಲ್ಲೇ ಕೆಲಸ ಮಾಡಿದರು. ಪಂಚೆ ಉಟ್ಟರೆ ಕಡತ ಓಡುವುದಿಲ್ಲ ಎಂದು ಆಗ ಯಾರೂ ಹೇಳಿರಲಿಲ್ಲ.

ಸರ್ವೆಪಲ್ಲಿ ರಾಧಾಕೃಷ್ಣನ್ 1918ರಿಂದ 1921ರವರೆಗೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿದರು. ಬಿಳಿ ಪೇಟ, ಉದ್ದ ಕೋಟು, ಪಂಚೆ ಅವರ ಗುರುತು. ಕಲ್ಕತ್ತಕ್ಕೆ ಹೊರಟಾಗ ವಿದ್ಯಾರ್ಥಿಗಳು ಅವರ ಗಾಡಿಯನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಹೋದರು. ಆಮೇಲೆ ಆಕ್ಸ್‌ಫರ್ಡಿನಲ್ಲಿ ಪಾಠ ಮಾಡಿದಾಗಲೂ, ರಾಷ್ಟ್ರಪತಿಯಾದಾಗಲೂ ಪೇಟ ಇಳಿಯಲಿಲ್ಲ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರದು ಇನ್ನೊಂದು ದಾರಿ. 1861ರಲ್ಲಿ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು, 1912ರಿಂದ 1918ರವರೆಗೆ ಮೈಸೂರಿನ ದಿವಾನರು. ಅವರ ಯಾವ ಫೋಟೊ ನೋಡಿದರೂ ಕೆಳಗೆ ಅಪ್ಪಟ ಸೂಟು, ಮೇಲೆ ಅಪ್ಪಟ ಮೈಸೂರು ಪೇಟ. ಮೈ ಎಂಜಿನಿಯರಿಂಗ್ ಇಲಾಖೆಗೆ, ತಲೆ ಊರಿಗೆ ಎಂದು ಹಂಚಿಕೊಟ್ಟ ಹಾಗೆ. ಇವತ್ತಿಗೂ ಎಂಜಿನಿಯರ್ಸ್ ಡೇ ದಿನ ಮಕ್ಕಳಿಗೆ ಅದೇ ವೇಷ ಹಾಕಿಸುತ್ತೇವೆ. ಎರಡು ಲೋಕದ ಬಟ್ಟೆಯನ್ನು ಒಂದೇ ಮೈಮೇಲೆ ಹೊಂದಿಸಿಕೊಂಡಿದ್ದರಿಂದಲೇ ಅದು ವೇಷವಾಗದೆ ಗುರುತಾಯಿತು ಎನಿಸುತ್ತದೆ.

ಆದರೆ ಇವರೆಲ್ಲ ಓದಿನ ದಾರಿ ಮೊದಲೇ ತೆರೆದಿದ್ದ ಜಾತಿಯವರು. ಮೈಸೂರಿನ ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಸಮುದಾಯಗಳಿಗೆ ಪಾಲು ಸಿಗುತ್ತಿಲ್ಲ ಎಂಬ ಕೂಗಿನಿಂದಾಗಿ 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಅದರ ವರದಿಯ ನಂತರ ಒಕ್ಕಲು ಮನೆಗಳ ಮಕ್ಕಳಿಗೆ ಕಚೇರಿಯ ಬಾಗಿಲು ನಿಧಾನಕ್ಕೆ ತೆರೆಯಿತು. ಬಾಗಿಲೇನೋ ತೆರೆಯಿತು, ಅದರೊಳಗೆ ಹೋಗಲು ಏನು ಹಾಕಿಕೊಳ್ಳಬೇಕು? ಬಟ್ಟೆಯ ವಿಷಯದಲ್ಲಿ ಒಂದು ಸಂಕಟವಿದೆ. ನಿಯಮ ಎಲ್ಲೂ ಬರೆದಿರುವುದಿಲ್ಲ. ಮನೆಯಲ್ಲಿ ನೋಡಿ ಕಲಿತವನಿಗೆ ಅದು ನಿಯಮ ಎಂದೇ ಅನ್ನಿಸುವುದಿಲ್ಲ. ನೋಡಿರದವನಿಗೆ ಮೊದಲ ದಿನವೇ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಎನ್ನಿಸುತ್ತದೆ. ನಾಲ್ವರ ನಡುವೆ ಒಂದು ಕೋಟು ಹಂಚಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸೂಟು ತೊಡುವುದೂ ಹೋರಾಟವಾದಾಗ

ಇಲ್ಲಿ ಗಾಂಧಿ ಮತ್ತು ಅಂಬೇಡ್ಕರ್ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ನೋಡಬೇಕು. 1921ರ ಸೆಪ್ಟೆಂಬರ್ 22ರಂದು ಮಧುರೆಯಲ್ಲಿ ಗಾಂಧಿ ಅಂಗಿ, ಟೋಪಿ ಬಿಟ್ಟು ತುಂಡು ಪಂಚೆಗೆ ಇಳಿದರು. ಬಡವನಿಗೆ ಇಲ್ಲದ ಬಟ್ಟೆ ತನಗೂ ಬೇಡ ಎಂದರು. ಹತ್ತು ವರ್ಷದ ನಂತರ ಲಂಡನ್ನಿನ ಅರಮನೆಗೆ ರಾಜನನ್ನು ಕಾಣಲು ಹೋದಾಗಲೂ ಅದರಲ್ಲೇ ಹೋದರು.

ಅಂಬೇಡ್ಕರ್ ಸೂಟು ಬಿಡಲಿಲ್ಲ. ಬಿಡುವುದಕ್ಕೆ ಮೊದಲು ಇರಬೇಕಲ್ಲ? ಪಂಚೆ ಮೊಣಕಾಲಿನಿಂದ ಕೆಳಗೆ ಇಳಿಯಕೂಡದು, ಮೇಲಿನ ಕೇರಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು ಎಂಬ ಕಟ್ಟಳೆಗಳು ಇದ್ದ ಊರುಗಳು ಈ ದೇಶದಲ್ಲಿ ಒಂದೆರಡಲ್ಲ. ಮೈಮೇಲೆ ಕಡಿಮೆ ಬಟ್ಟೆ ಇರುವುದು ಅಲ್ಲಿ ತ್ಯಾಗವಲ್ಲ, ಶಿಕ್ಷೆ. 1927ರ ಡಿಸೆಂಬರಿನಲ್ಲಿ ಮಹಾಡ್‌ನಲ್ಲಿ ಸೇರಿದ ದಲಿತ ಹೆಣ್ಣುಮಕ್ಕಳಿಗೆ ಅಂಬೇಡ್ಕರ್ ಸೀರೆ ಉಡುವ ರೀತಿ ಬದಲಿಸಿಕೊಳ್ಳಿ, ಜಾತಿಯನ್ನು ಸಾರಿ ಹೇಳುವ ಭಾರದ ಒಡವೆಗಳನ್ನು ಬಿಡಿ ಎಂದು ತಿಳಿಹೇಳಿದರು. ಇವತ್ತು ನಮ್ಮೂರುಗಳ ವೃತ್ತದಲ್ಲಿ ನಿಂತಿರುವ ನೀಲಿ ಕೋಟಿನ ಪ್ರತಿಮೆ ನೋಡಿ, ‘ಇವರೇಕೆ ಸೀಮೆ ಬಟ್ಟೆ ಹಾಕಿದರು?’ ಎಂದು ಕೇಳುವವರು ಸಿಗುತ್ತಾರೆ. ತಲೆಮಾರುಗಳಿಂದ ಹೊರಗೆ ನಿಲ್ಲಿಸಿದವರ ಮಕ್ಕಳು ಆ ಕೋಟಿನಲ್ಲಿ ಬೇರೆಯದನ್ನೇ ಕಾಣುತ್ತಾರೆ.

ಹಾಗಾಗಿ ‘ಕೋಟು ಪರಕೀಯ, ಪಂಚೆ ನಮ್ಮದು’ ಎಂದು ಒಂದೇ ಮಾತಿನಲ್ಲಿ ಮುಗಿಸಲು ಬರುವುದಿಲ್ಲ. ಪಂಚೆಯಲ್ಲೂ ಮೇಲು ಕೀಳು ಇತ್ತು. ಕೋಟಿನಲ್ಲೂ ಬಿಡುಗಡೆ ಇತ್ತು.

ಹೆಣ್ಣುಮಕ್ಕಳ ವಿಷಯದಲ್ಲೂ ‘ನಮ್ಮದು’ ಎನ್ನುವುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಚೇರಿಗೆ, ಶಾಲೆಗೆ ಹೋಗುವವರು ನೆರಿಗೆ ಮುಂದೆ, ಸೆರಗು ಎಡಭುಜದ ಮೇಲೆ, ಒಳಗೆ ರವಿಕೆ ಮತ್ತು ಲಂಗ ತೊಟ್ಟು ಉಡುವ ಸೀರೆಯನ್ನು ಅನಾದಿ ಕಾಲದ್ದು ಎಂದುಕೊಂಡಿದ್ದೇವೆ. ಈ ‘ಗೌರವಸ್ಥ’ ಸೀರೆ ದೇಶದ ತುಂಬ ಹಬ್ಬಿದ್ದು 19ನೇ ಶತಮಾನದ ಕೊನೆಯ ಭಾಗದಿಂದ ಈಚೆಗೆ. ಠಾಕೂರ್ ಮನೆತನದ ಜ್ಞಾನದಾನಂದಿನಿ ದೇವಿ ಮುಂಬಯಿಯ ಪಾರ್ಸಿ ಹೆಂಗಸರನ್ನು ನೋಡಿ, ಸೆರಗನ್ನು ಭುಜದ ಮೇಲೆ ಪಿನ್ನು ಹಾಕಿ ನಿಲ್ಲಿಸುವ ರೀತಿಯನ್ನು 1870ರ ದಶಕದಲ್ಲಿ ಕಲ್ಕತ್ತಕ್ಕೆ ಒಯ್ದರು. ಮನೆಯಿಂದ ಹೊರಗೆ ಬರಬೇಕಾದ ಹೆಣ್ಣುಮಕ್ಕಳಿಗೆ ಹೊಸ ಉಡುಗೆ ಬೇಕಾಗಿತ್ತು, ಅದನ್ನು ಅವರು ಕಂಡುಕೊಂಡರು. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ಕಚ್ಚೆ ಹಾಕಿ ಉಡುತ್ತಿದ್ದ ಸೀರೆ, ಕೊಡಗಿನವರು ನೆರಿಗೆ ಹಿಂದೆ ಇಟ್ಟು ಉಡುವ ಸೀರೆ ಕಚೇರಿಯ ನಮೂನೆಯಾಗಲಿಲ್ಲ. ಒಂದು ಕಾಲದ ಹೊಸ ಉಡುಗೆಯೇ ಮುಂದೆ ಚೂಡಿದಾರ ತೊಟ್ಟು ಬಂದ ಟೀಚರನ್ನು ತಡೆಯುವ ಹಳೆಯ ಸಂಪ್ರದಾಯವಾಯಿತು.

ಧೂಳಿನ ಬಣ್ಣ

ಕೋಟು, ಸೀರೆ ಬಿಟ್ಟರೆ ನಮ್ಮ ಹಳ್ಳಿಗೆ ಬರುವ ಕೆಲಸದ ಉಡುಪು ಖಾಕಿ. ಪೊಲೀಸ್, ಪೋಸ್ಟ್‌ಮ್ಯಾನ್, ಬಸ್ಸಿನ ಕಂಡಕ್ಟರ್, ಆಟೊದವರು. ಖಾಕಿ ಎಂದರೆ ಧೂಳಿನ ಬಣ್ಣ ಎಂದೇ ಅರ್ಥ. 1846ರಲ್ಲಿ ಪೇಶಾವರದ ಕಡೆ ಹ್ಯಾರಿ ಲಮ್ಸ್‌ಡೆನ್ ಕಟ್ಟಿದ ಗೈಡ್ಸ್ ಪಡೆಯವರು ಧೂಳಿನಲ್ಲಿ ಕಾಣಿಸದಿರಲಿ ಎಂದು ಈ ಬಣ್ಣ ತೊಟ್ಟರು. ನಮ್ಮ ಕರಾವಳಿಗೂ ಇದರಲ್ಲಿ ಪಾಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಅಲ್ಲಿ ನೇಯ್ಗೆ ಶಾಲೆ ನಡೆಸಿತು. 1850ರ ದಶಕದಲ್ಲಿ ಅಲ್ಲಿದ್ದ ಜಾನ್ ಹಾಲರ್ ಎಂಬ ನೇಯ್ಗೆ ತಜ್ಞರು ಖಾಕಿ ಬಣ್ಣ ಹಾಕುವ ಕೆಲಸ ಶುರು ಮಾಡಿದರು. ಬಲ್ಮಠದ ಆ ಮಗ್ಗಗಳ ಬಟ್ಟೆಗೆ ಒಳ್ಳೆಯ ಹೆಸರಿತ್ತು. ಆಮೇಲೆ ಬೆಂಗಳೂರಿನ ಬಿನ್ನಿ ಮಿಲ್ಲಿನ ಖಾಕಿ ಬಟ್ಟೆಯನ್ನು ನಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ, ‘ಹರಿಯುವುದೇ ಇಲ್ಲ’ ಅಂತ.

ಸಮವಸ್ತ್ರದ ಒಳ್ಳೆಯತನ ನಮಗೂ ಗೊತ್ತು. ಅದು ಜಾತಿ ಕೇಳುವುದಿಲ್ಲ, ಮನೆಯಲ್ಲಿ ಎಷ್ಟು ಜೊತೆ ಬಟ್ಟೆ ಇವೆ ಎಂದು ಕೇಳುವುದಿಲ್ಲ. ಕೂಲಿಯವನ ಮಗ ಕಾನ್‌ಸ್ಟೆಬಲ್ ಆಗಿ ಖಾಕಿ ತೊಟ್ಟು ಊರಿಗೆ ಬಂದ ದಿನ ಕಟ್ಟೆಯ ಮೇಲೆ ಕೂತವರು ಸರಿದು ಜಾಗ ಕೊಟ್ಟದ್ದನ್ನು ನಾವೇ ಕಂಡಿದ್ದೇವೆ.

ಆದರೆ ಸಮವಸ್ತ್ರ ಕೊಟ್ಟ ಮಾತ್ರಕ್ಕೆ ನೌಕರಿ ಕೊಟ್ಟ ಹಾಗಾಗುವುದಿಲ್ಲ. ನಮ್ಮ ರಾಜ್ಯದ ಆಶಾ ಕಾರ್ಯಕರ್ತೆಯರನ್ನು ನೋಡಿ. ಗುಲಾಬಿ ಸೀರೆ ಉಟ್ಟು ಮನೆಮನೆ ತಿರುಗುತ್ತಾರೆ. ದೂರದಿಂದಲೇ ‘ಆಶಾ ಬಂದರು’ ಎಂದು ಗುರುತು ಹತ್ತುತ್ತದೆ. ಕಾಗದದಲ್ಲಿ ಮಾತ್ರ ಅವರು ಸ್ವಯಂಸೇವಕಿಯರು. ಸಿಗುವುದು ಗೌರವಧನ, ಪ್ರೋತ್ಸಾಹಧನ. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಧರಣಿ ಕೂತಾಗಲೆಲ್ಲ ಪತ್ರಿಕೆಗಳಲ್ಲಿ ಬರುವ ಫೋಟೊ ಒಂದು ಗುಲಾಬಿ ಸಮುದ್ರ. ಉಡುಪು ವೃತ್ತಿಯದ್ದು, ಸಂಬಳ ವೃತ್ತಿಯದ್ದಲ್ಲ. ಇದನ್ನು ವರದಿ ಮಾಡಲು ಹೋಗುವ ನಮ್ಮಂಥ ಜಿಲ್ಲಾ ಸ್ಟ್ರಿಂಗರುಗಳಿಗೆ ಉಡುಪೂ ಇಲ್ಲ, ಸಂಬಳವೂ ಇಲ್ಲ. ಸುದ್ದಿಗಿಷ್ಟು ಅಂತ ಲೆಕ್ಕ.

ಪಂಚೆ ಹೊರಗೆ ಬಿದ್ದದ್ದು

2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಮಗನ ಜೊತೆ ಸಿನಿಮಾ ನೋಡಲು ಹೋದ ಹಾವೇರಿ ಕಡೆಯ ಹಿರಿಯ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆ ಎಂದು ಬಾಗಿಲಲ್ಲಿ ತಡೆದರು. ಪ್ರತಿಭಟನೆ ಆಯಿತು, ವಿಧಾನಸಭೆಯಲ್ಲೂ ಚರ್ಚೆಯಾಯಿತು. ಏಳು ದಿನ ಮಾಲ್ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಅದಕ್ಕೆ ಹತ್ತು ವರ್ಷ ಮೊದಲು ಚೆನ್ನೈನ ಕ್ರಿಕೆಟ್ ಕ್ಲಬ್ ಒಂದರಲ್ಲಿ ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಒಳಗೆ ಬಿಟ್ಟಿರಲಿಲ್ಲ. ತಮಿಳುನಾಡು ಆ ವರ್ಷವೇ, 2014ರಲ್ಲಿ, ವೇಷ್ಟಿ ಉಟ್ಟವರನ್ನು ಸಾರ್ವಜನಿಕ ಜಾಗಗಳಲ್ಲಿ ತಡೆಯುವುದು ಅಪರಾಧ ಎಂದು ಕಾನೂನು ಮಾಡಿತು.

ವಿಚಿತ್ರ ನೋಡಿ. ನಮ್ಮ ವಿಧಾನಸೌಧದಲ್ಲಿ ಪಂಚೆ ಉಟ್ಟ ಮುಖ್ಯಮಂತ್ರಿಗಳು ಆಳಿದ್ದಾರೆ. 1996ರಲ್ಲಿ ಪಂಚೆ ಉಟ್ಟ ದೇವೇಗೌಡರು ಪ್ರಧಾನಿಯಾದರು. ಆದರೆ ಅವರ ಪಕ್ಕ ಕಡತ ಹಿಡಿದು ನಿಂತವರಲ್ಲಿ ಪಂಚೆಯವರು ಕಾಣುವುದಿಲ್ಲ. ಆಳುವವನಿಗೆ ಪಂಚೆ ಶೋಭೆ, ಮಾಲಿನ ಬಾಗಿಲಲ್ಲಿ ನಿಂತ ರೈತನಿಗೆ ಅದು ಕೊರತೆ, ನಡುವೆ ಇರುವ ನೌಕರನಿಗೆ ಅದು ಅಳಿದೇಹೋದ ಉಡುಪು.

ಇದನ್ನು ಯಾವ ಕಾನೂನೂ ಮಾಡಿಸಲಿಲ್ಲ ಎಂಬುದಕ್ಕೆ ವಕೀಲರ ನಿಯಮವೇ ಸಾಕ್ಷಿ. ಬಾರ್ ಕೌನ್ಸಿಲ್ ನಿಯಮದಲ್ಲಿ ಕಪ್ಪು ಕೋಟು, ಬಿಳಿ ಬ್ಯಾಂಡಿನ ಜೊತೆ ಶೇರ್ವಾನಿ, ಅಚ್ಕನ್‌ಗೂ ಜಾಗವಿದೆ. ಕೆಳಗೆ ತೊಡುವುದು ಪ್ಯಾಂಟು ಅಥವಾ ಧೋತಿ ಎಂದೇ ಇದೆ. ಜೀನ್ಸ್ ಮಾತ್ರ ಬೇಡ. ಬೇಸಿಗೆಯಲ್ಲಿ ಹೈಕೋರ್ಟ್, ಸುಪ್ರೀಂ ಕೋರ್ಟ್ ಬಿಟ್ಟು ಉಳಿದ ಕಡೆ ಕೋಟು ಕಡ್ಡಾಯವೂ ಅಲ್ಲ. ಅಂದರೆ ನಮ್ಮ ತಾಲ್ಲೂಕು ಕೋರ್ಟಿನಲ್ಲಿ ಒಬ್ಬ ವಕೀಲ ಧೋತಿ ಉಟ್ಟು ವಾದಿಸಲು ನಿಯಮದ ಅಡ್ಡಿ ಇಲ್ಲ. ನಾವು ವರ್ಷಗಟ್ಟಲೆ ಕೋರ್ಟ್ ವರದಿ ಮಾಡಿದ್ದೇವೆ, ಒಬ್ಬರನ್ನೂ ಕಂಡಿಲ್ಲ. ನಿಯಮ ಬಿಟ್ಟರೂ ಕಣ್ಣು ಬಿಡುವುದಿಲ್ಲ.

ಆ ಕಣ್ಣು ಬೇರೆಯವರದು ಮಾತ್ರ ಎಂದು ಬರೆದು ಮುಗಿಸಿದರೆ ಸುಳ್ಳಾಗುತ್ತದೆ. ಕೆಲವು ವರ್ಷದ ಹಿಂದೆ ಬೆಳೆ ಪರಿಹಾರಕ್ಕಾಗಿ ಅಲೆಯುತ್ತಿದ್ದ ರೈತರೊಬ್ಬರ ಸುದ್ದಿ ಮಾಡಲು ಹೋಗಿದ್ದೆವು. ಗದ್ದೆಯಿಂದ ನೇರ ಬಂದಿದ್ದರು. ಕೆಸರಿನ ಪಂಚೆ, ಬನಿಯನ್ನು. ಫೋಟೊ ತೆಗೆಯುವಾಗ ನಾವೇ, ‘ಯಜಮಾನರೇ, ಒಂದು ಒಳ್ಳೆ ಶರ್ಟು ಹಾಕ್ಕೊಂಡು ಬನ್ನಿ, ಪೇಪರಿನಲ್ಲಿ ಬರುತ್ತೆ’ ಎಂದೆವು. ಅವರು ಒಳಗೆ ಹೋಗಿ ಮಗನ ಮದುವೆಯ ಶರ್ಟು ಹಾಕಿಕೊಂಡು ಬಂದರು. ಮಡಿಕೆಯ ಗೆರೆ ಇನ್ನೂ ಬಿಟ್ಟಿರಲಿಲ್ಲ. ಸುದ್ದಿ ಬಂದ ಮೇಲೆ ಕಚೇರಿಯಲ್ಲಿ ಒಬ್ಬರು ಫೋಟೊ ನೋಡಿ, ‘ಇವರಿಗೇನು ಕಷ್ಟ ಇದ್ದ ಹಾಗೆ ಕಾಣಲ್ಲವಲ್ಲ’ ಎಂದರಂತೆ. ಅವರಿಗೆ ಪರಿಹಾರ ಸಿಕ್ಕಿದ್ದು ಇನ್ನೂ ಒಂದು ವರ್ಷ ಅಲೆದ ಮೇಲೆ. ಶರ್ಟಿನಿಂದಲೇ ತಡವಾಯಿತು ಎಂದು ಹೇಳಲು ನಮ್ಮ ಬಳಿ ಪುರಾವೆ ಇಲ್ಲ. ಆದರೆ ಅವರ ಕೆಲಸದ ಉಡುಪು ಆ ಕೆಸರಿನ ಪಂಚೆಯೇ ಆಗಿತ್ತು. ಅದನ್ನು ಬಿಚ್ಚಿಸಿದವರು ನಾವು.

ಕಾಲೇಜು ಮುಗಿಸಿ ಈಗಷ್ಟೇ ಹೊರಬರುತ್ತಿರುವ ತಮ್ಮ ತಂಗಿಯರು ಸಂದರ್ಶನಕ್ಕೆ ಏನು ಹಾಕಿಕೊಂಡು ಹೋಗಲಿ ಎಂದು ನಮ್ಮನ್ನು ಕೇಳುತ್ತಾರೆ. ಒಗೆದು ಇಸ್ತ್ರಿ ಮಾಡಿದ್ದನ್ನು ಹಾಕಿಕೊಳ್ಳಿ, ಅಳತೆಗೆ ಸರಿಯಿರಲಿ, ಸಾಲ ಮಾಡಿ ಕೋಟು ಹೊಲಿಸಬೇಡಿ ಎನ್ನುತ್ತೇವೆ. ಪೇಟ ತೆಗೆ ಎಂದಾಗ ಗಾಂಧಿ ಒಮ್ಮೆ ಎದ್ದು ನಡೆದರು, ಒಮ್ಮೆ ತೆಗೆದಿಟ್ಟು ಕೆಲಸಕ್ಕೆ ಕೂತರು. ಯಾವಾಗ ಯಾವುದು ಎಂಬುದು ನಿಮ್ಮ ಲೆಕ್ಕ. ಕೆಲಸ ಸಿಕ್ಕ ಮೇಲೆ, ನೀವು ಮೇಜಿನ ಆ ಕಡೆ ಕೂತ ದಿನ, ಈ ಕಡೆ ನಿಂತವರ ಕಾಲು ಮತ್ತು ಕಾಲರು ನೋಡುವ ಮೊದಲು ಅವರ ಕೈಯಲ್ಲಿರುವ ಅರ್ಜಿ ಓದಿ.

ಆ ಸ್ಟುಡಿಯೋದವರನ್ನು ಮೊನ್ನೆ ಕೇಳಿದೆವು, ಹಳೆಯ ಕೋಟು ಏನಾಯಿತು ಅಂತ. ಮಳೆಗಾಲದಲ್ಲಿ ಇಲಿ ಕಡಿದಿತ್ತಂತೆ. ಒಳ್ಳೆ ಭಾಗ ಕತ್ತರಿಸಿ ಕ್ಯಾಮೆರಾ ಒರೆಸಲು ಇಟ್ಟುಕೊಂಡಿದ್ದಾರೆ.